ಆರು ಸಾಲು ಇಟ್ಟಿಗೆ

ಹೆನ್‌ಬ್ರಿಜ್ ಪೇಟೆಗೆ ಹೊಸದಾಗಿ ಬಂದವರು ದಾರಿ ಕೇಳಿದರೆ ಜನ ಇವತ್ತಿಗೂ ಎನಿಡ್ ಥ್ರಪ್ ಕಡೆಗೇ ಬೆರಳು ತೋರಿಸುತ್ತಾರೆ. ತೋರಿಸದೆ ಏನು ಮಾಡುತ್ತಾರೆ? ಹದಿನಾರನೇ ವಯಸ್ಸಿಗೆ ರೈಲು ನಿಲ್ದಾಣದ ಟಿಕೆಟ್ ಕಿಟಕಿಯ ಹಿಂದೆ ಕೂತವಳು. 1964ರಲ್ಲಿ ರೈಲು ನಿಂತಿತು, ಮುಂದಿನ ವಾರವೇ ಚರ್ಮದ ಚೀಲ ಹೆಗಲಿಗೇರಿಸಿ ಬಸ್ ಕಂಡಕ್ಟರ್ ಆದಳು. ಕಂಡಕ್ಟರುಗಳೂ ಬೇಡವಾದ ಮೇಲೆ ಸಂತೆ ಚೌಕದ ಬಸ್ ನಿಲ್ದಾಣದಲ್ಲಿ ವಿಚಾರಣೆ ಕಿಟಕಿ. ಎಲ್ಲಿಂದ, ಎಲ್ಲಿಗೆ, ಎಷ್ಟು ಹೊತ್ತಿಗೆ ಅನ್ನುವ ಮೂರೇ ಪ್ರಶ್ನೆಗೆ ಉತ್ತರ ಹೇಳುತ್ತ ನಲವತ್ತನಾಲ್ಕು ವರ್ಷ ಸವೆಸಿದಳು. ಮದುವೆ ಆಗಲಿಲ್ಲ. ಯಾಕೆ ಅಂತ ಕೇಳಿದವರಿಗೆ, "ಬಂದೋರೆಲ್ಲ ಮುಂದಿನ ಗಾಡಿ ಎಷ್ಟೊತ್ತಿಗೆ ಅಂತ ಕೇಳಿ ಹೋಗ್ಬಿಟ್ರು" ಅನ್ನುತ್ತಾಳೆ. ಒಂದೇ ಒಂದು ಸಲವೂ ಯಾರಿಗೂ ತಪ್ಪು ಹೇಳಲಿಲ್ಲ ಅನ್ನುವುದು ಅವಳ ಹೆಮ್ಮೆ. ಆ ಹೆಮ್ಮೆಯನ್ನು ಅವಳು ಬಚ್ಚಿಟ್ಟುಕೊಂಡವಳೂ ಅಲ್ಲ.

ನಮ್ಮೂರನ್ನು ಆರ್ಲೆ ನದಿ ಕುದುರೆ ಲಾಳದ ಹಾಗೆ ಮೂರು ಕಡೆಯಿಂದ ಬಳಸಿಕೊಂಡಿದೆ. ನಾಲ್ಕನೇ ಕಡೆಗೆ ಗುಡ್ಡ. ಒಳಗೆ ಬರಬೇಕಾದರೆ ಸೇತುವೆ ದಾಟಬೇಕು, ಇಲ್ಲವೆ ಗುಡ್ಡ ಇಳಿಯಬೇಕು. ಸೇತುವೆ ಇದ್ದದ್ದಕ್ಕೆ ಸಂತೆ ಕೂಡಿತು, ಸಂತೆ ಕೂಡಿದ್ದಕ್ಕೆ ಊರಾಯಿತು. ಮೊದಲು ಕಲ್ಲಿದ್ದಲು, ಉಪ್ಪು ಎಲ್ಲ ದೋಣಿಯಲ್ಲಿ ಬರುತ್ತಿತ್ತು. ರೈಲು ಬಂದು ದೋಣಿಯವರ ಹೊಟ್ಟೆಯ ಮೇಲೆ ಹೊಡೆಯಿತು, ಲಾರಿ ಬಂದು ರೈಲಿನವರ ಹೊಟ್ಟೆಯ ಮೇಲೆ ಹೊಡೆಯಿತು. ಕೊನೆಗೆ ಎಂಬತ್ತೈದರಲ್ಲಿ ಬೈಪಾಸ್ ರಸ್ತೆ ಮಾಡಿ ಲಾರಿಗಳನ್ನೂ ಊರಾಚೆಗೆ ಅಟ್ಟಿದರು. ಯಾವುದು ಬರಲಿ, ಯಾವುದು ಹೋಗಲಿ, ಗುರುವಾರದ ಸಂತೆ ನಿಂತಿಲ್ಲ. ನದಿಯೂ ಅಷ್ಟೆ, ಮನಸ್ಸು ಬಂದಾಗ ಊರೊಳಗೆ ನುಗ್ಗುವುದನ್ನು ಬಿಟ್ಟಿಲ್ಲ.

ಅದಕ್ಕೇ ನಮ್ಮಲ್ಲೊಂದು ಪದ್ಧತಿ ಇದೆ. ನವೆಂಬರಿನ ಮೊದಲ ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ಜನ ಸೇತುವೆಯ ಬುಡದಲ್ಲಿ ಸೇರುತ್ತಾರೆ. ಯಾವ ಪ್ರವಾಹದಲ್ಲಿ ನೀರು ಎಲ್ಲಿಯವರೆಗೆ ಏರಿತ್ತು ಅನ್ನುವುದಕ್ಕೆ ಸೇತುವೆಯ ಕಂಬದ ಮೇಲೆ ಗೆರೆ ಕೊರೆದು ಇಸವಿ ಬರೆದಿದ್ದಾರೆ. ಎಲ್ಲಕ್ಕಿಂತ ದೊಡ್ಡದು 1795ರ ಪ್ರವಾಹ. ಆ ಸಲ ಹಳೇ ಸೇತುವೆಯೇ ಕೊಚ್ಚಿಹೋಯಿತು, ಹಾಗಾಗಿ ಅದರ ಗುರುತಿನ ಕಲ್ಲು ಮಾತ್ರ ಪಕ್ಕದ ಓಣಿಯಲ್ಲಿ 'ನೀರುಕೋಳಿ' ಪಬ್ಬಿನ ಇಟ್ಟಿಗೆ ಗೋಡೆಯಲ್ಲಿದೆ. ಮಟ್ಟ ಓದುವವರು ಒಂದೊಂದೇ ಗುರುತನ್ನು ಕೈಯಿಂದ ಮುಟ್ಟಿ ಇಸವಿ ಕೂಗುತ್ತಾರೆ. ಜನ "ಇಷ್ಟೇ ಸಾಕು, ಮೇಲೆ ಬೇಡ!" ಅಂತ ಕೂಗುತ್ತಾರೆ. ಕೊನೆಗೆ ಅರ್ಧ ಪೈಂಟ್ ಬಿಯರನ್ನು ನದಿಗೆ ಸುರಿಯುತ್ತಾರೆ, ಉಳಿದದ್ದನ್ನು ಹುಡುಕಿಕೊಂಡು ಅದು ಪಬ್ಬಿನವರೆಗೆ ಬರದಿರಲಿ ಅಂತ.

ಮಟ್ಟ ಓದುವ ಹಕ್ಕು ಥ್ರಪ್ ಮನೆತನದ್ದು. ಎನಿಡಳ ಅಪ್ಪ ಆಂಬ್ರೋಸ್ ಥ್ರಪ್ ಊರಿನ ಗಾರೆ ಮೇಸ್ತ್ರಿ. ಅವನು ಕಟ್ಟಿದ ಚಿಮಣಿ ಹೊಗೆ ಕಾರಿದ್ದಿಲ್ಲ, ಅವನು ಎತ್ತಿದ ಗೋಡೆ ಬಾಗಿದ್ದಿಲ್ಲ. ಮುಂದೆ ಬಿಚ್ಚಬೇಕಾಗಬಹುದು ಅನ್ನಿಸಿದ ಕಡೆ ಅವನು ಸಿಮೆಂಟು ಮುಟ್ಟುತ್ತಿರಲಿಲ್ಲ, ಸುಣ್ಣದ ಗಾರೆಯಲ್ಲೇ ಇಟ್ಟಿಗೆ ಕೂರಿಸುತ್ತಿದ್ದ. ಅವರ ಅಡುಗೆ ಮನೆಯ ಒಲೆ ಗೂಡನ್ನು ಹಾಗೇ ಕಟ್ಟಿದ್ದ, ಒಲೆ ಬದಲಾಯಿಸುವಾಗ ಎನಿಡ್ ಅಡುಗೆ ಚಾಕುವಿನಲ್ಲೇ ಬಿಚ್ಚಿದ್ದಳು. 1971ರಲ್ಲಿ ಅಪ್ಪ ತೀರಿಕೊಂಡ ಮೇಲೆ ಇಪ್ಪತ್ತೇಳು ಸಲ ಅವಳೇ ಮಟ್ಟ ಓದಿದಳು. ಆ ಗುರುತುಗಳಲ್ಲೊಂದು ಸುಳ್ಳು ಅಂತ ಗೊತ್ತಿದ್ದೂ ಓದಿದಳು.

ವಿಷಯ ಇಷ್ಟು. ಹಿಂದೆ ಆ ಓಣಿಯ ಮೇಲೆ ರೈಲು ಸೇತುವೆಯೊಂದು ಹಾದುಹೋಗುತ್ತಿತ್ತು. ಎತ್ತರದ ಲಾರಿಗಳು ಅದಕ್ಕೆ ತಗುಲುತ್ತವೆ ಅಂತ 1936ರಲ್ಲಿ ಕೆಳಗಿನ ರಸ್ತೆಯನ್ನೇ ಒಂದೂವರೆ ಅಡಿ ಅಗೆದು ತಗ್ಗಿಸಿದರು. ಪಬ್ಬಿನ ಗೋಡೆಯ ಬುಡ ಬಯಲಾಯಿತು. ಅಲ್ಲಿ ಹೊಸದಾಗಿ ಆರು ಸಾಲು ಇಟ್ಟಿಗೆ ಹೊದಿಸಿದವನೂ, ಬಾಗಿಲಿಗೆ ಒಂದೇ ಮೆಟ್ಟಿಲಿದ್ದದ್ದನ್ನು ಮೂರು ಮಾಡಿದವನೂ ಆಂಬ್ರೋಸನೇ. 1953ರಲ್ಲಿ ಸಕ್ಕರೆ ಬೀಟ್ ಗೆಡ್ಡೆ ತುಂಬಿದ ಲಾರಿಯೊಂದು ಬ್ರೇಕ್ ಹಿಡಿಯದೆ ಬಂದು ಗೋಡೆಗೆ ಗುದ್ದಿತು. ಬುಡವೊಂದು ಬಿಟ್ಟು ಗೋಡೆಯೆಲ್ಲ ಬಿತ್ತು, ಅದರೊಂದಿಗೆ ಕಲ್ಲೂ ಬಿತ್ತು. ಗುರುವಾರದ ಸಂತೆ ಬರುವಷ್ಟರಲ್ಲಿ ಓಣಿ ತೆರೆಯಲೇಬೇಕು ಅಂತ ಪುರಸಭೆಯವರು ಆಂಬ್ರೋಸನ ಬೆನ್ನು ಬಿದ್ದರು. ಗುರುತಿನ ಗೆರೆ ನೆಲದಿಂದ ಇಪ್ಪತ್ತಮೂರನೇ ಸಾಲಿಗಿದೆ ಅಂತ ಚರ್ಚಿನ ಹಳೇ ಪುಸ್ತಕದಲ್ಲಿ ಬರೆದಿತ್ತು. ಅವನು ನೆಲದಿಂದ ಇಪ್ಪತ್ತಮೂರು ಎಣಿಸಿದ, ಸಿಮೆಂಟು ಹಾಕಿ ಕಲ್ಲು ಕೂರಿಸಿದ. ಪುರಸಭೆಯವರೂ ಬಂದು ಎಣಿಸಿದರು, ಇಪ್ಪತ್ತಮೂರು, ಸರಿ ಅಂದರು. ಪುಸ್ತಕ ಬರೆದ ಕಾಲದ ನೆಲ ಈಗಿಲ್ಲ ಅನ್ನುವುದು ಒಬ್ಬರ ತಲೆಗೂ ಹೊಳೆಯಲಿಲ್ಲ.

ಮಾರನೇ ದಿನ ಆಂಬ್ರೋಸ್ ಕಲ್ಲಿನ ಮೇಲಿನ ಸಾಲುಗಳನ್ನು ಕಟ್ಟುತ್ತಿದ್ದ. ಪಬ್ಬಿನವನು ಅವನಿಗೆ ಅಂತ ಒಂದು ಲೋಟ ಬಿಯರ್ ಹಿಡಿದು ಮೂರು ಮೆಟ್ಟಿಲು ಇಳಿದು ಬಂದ. ಆಂಬ್ರೋಸ್ ಆ ಮೆಟ್ಟಿಲುಗಳನ್ನು ನೋಡಿದ, ಮೊದಲು ಒಂದೇ ಇದ್ದದ್ದು, ರಸ್ತೆ ತಗ್ಗಿಸಿದ್ದು ನೆನಪಾಯಿತು. ಕಲ್ಲು ಆರು ಸಾಲು ಕೆಳಗೆ ಕೂತುಬಿಟ್ಟಿತ್ತು.

ಇದನ್ನೆಲ್ಲ ಅವನು ಮಗಳಿಗೆ ಹೇಳಿದ್ದು ಹದಿನೆಂಟು ವರ್ಷದ ಮೇಲೆ, ಹಾಸಿಗೆ ಹಿಡಿದಾಗ.

"ಗೊತ್ತಾದ್ಮೇಲೂ ಹಂಗೇ ಕಟ್ಟಿದ್ಯಾ ಅಪ್ಪಾ?" ಎನಿಡ್ ಕೇಳಿದ್ದಳು.

"ಕಟ್ದೆ. ಸಂತೆ ಒಂದು ಕಳೀಲಿ, ಆಮೇಲೆ ಸರಿ ಮಾಡೋಣ ಅಂದ್ಕೊಂಡೆ. ಪುರಸಭೆಯೋರು ಸಹಿ ಹಾಕಿ ಹೋಗಿದ್ರು. ಊರೆಲ್ಲ ಭೇಷ್ ಅಂತಿತ್ತು. ಬಾಯಿ ಬರ್ಲಿಲ್ಲ ಕಣಮ್ಮ."

"ನಾಚಿಕೆ ಆಗ್ಬೇಕು ನಿಂಗೆ. ವರ್ಷಾ ವರ್ಷಾ ಆ ಕಲ್ಲಿನ ಮೇಲೆ ಕೈಯಿಟ್ಟು ಹೆಂಗೆ ಕೂಗ್ದೆ?"

ಅವನು ಗೋಡೆ ಕಡೆ ಮಗ್ಗುಲಾದ. ಮೂರು ವಾರಕ್ಕೆ ಹೋಗಿಯೇಬಿಟ್ಟ. ಅಪ್ಪನಿಗೆ ತಾನು ಕೊನೆಯದಾಗಿ ಆಡಿದ ಬಿರುಮಾತು ಅದೇ ಆಯಿತಲ್ಲ ಅಂತ ಎನಿಡ್ ಬಹಳ ದಿನ ಕೊರಗಿದಳು. ಕೊರಗಿದ್ದೇನೋ ನಿಜ, ಸಿಟ್ಟು ಮಾತ್ರ ಇಳಿಯಲಿಲ್ಲ. ತಪ್ಪು ಯಾರಿಂದಲಾದರೂ ಆಗುತ್ತದೆ. ಗೊತ್ತಾದ ಮೇಲೂ ಮುಂದುವರಿಸುವುದೆಂದರೇನು? ಹಾಗಂದುಕೊಳ್ಳುತ್ತಲೇ ಆ ನವೆಂಬರಿನಲ್ಲಿ ತಾನೂ ಹೋಗಿ ಕಲ್ಲಿನ ಮೇಲೆ ಕೈಯಿಟ್ಟು ಕೂಗಿ ಬಂದಳು. ಇನ್ನೂರು ವರ್ಷದ ಹಿಂದಿನ ನೀರು ಆರು ಸಾಲು ಮೇಲಿದ್ದರೇನು, ಕೆಳಗಿದ್ದರೇನು, ಯಾರ ಗಂಟು ಹೋಗುತ್ತದೆ ಅಂತ ಸಮಾಧಾನ ಹೇಳಿಕೊಂಡಳು. ರೈಲು ಸೇತುವೆಯನ್ನೂ ಅಷ್ಟರಲ್ಲಿ ಕಿತ್ತುಹಾಕಿದ್ದರು. ರಸ್ತೆ ತಗ್ಗಿಸಿದ್ದೇಕೆ ಅನ್ನುವುದಕ್ಕೆ ಇದ್ದ ಸಾಕ್ಷಿಯೂ ಹೋಗಿತ್ತು.

ಗಂಟು ಹೋಗುವ ಕಾಲ ಬಂದದ್ದು ತೊಂಬತ್ತೆಂಟರಲ್ಲಿ. ರೈಲು ನಿಲ್ದಾಣದ ಹಳೇ ಬಯಲಿನಲ್ಲಿ ನಡೆಯಲಾಗದ ಮುದುಕರಿಗೆ ಅಂತ ನಲವತ್ತು ಹಾಸಿಗೆಯ ಆಶ್ರಮ ಕಟ್ಟುವುದೆಂದು ತೀರ್ಮಾನವಾಯಿತು. ಮಟ್ಟ ಓದುವ ವಾರದ ಮಂಗಳವಾರ ಮಿಸ್ ಕ್ವಿಲ್ ಅನ್ನುವ ಇಂಜಿನಿಯರ್ ಎನಿಡಳ ಮನೆಗೆ ಬಂದಳು. ಒಳ್ಳೆ ಹುಡುಗಿ, ಬೂಟು ಬಾಗಿಲಲ್ಲೇ ಬಿಚ್ಚಿದಳು, ಎರಡು ಲೋಟ ಚಹಾ ಕುಡಿದಳು.

"ನಿಮ್ಮೂರಿನ ಪದ್ಧತಿ ನಂಗೆ ತುಂಬ ಇಷ್ಟ ಆಯ್ತು, ಮಿಸ್ ಥ್ರಪ್," ಅಂದಳು. "ಶನಿವಾರ ನೀವು ಮಟ್ಟ ಓದಿದ್ಮೇಲೆ ಅಲ್ಲೇ, ಎಲ್ಲರ ಮುಂದೆ, ನಕ್ಷೆಗೆ ಸಹಿ ಹಾಕ್ತೀನಿ. 1795ರ ಗೆರೆಗಿಂತ ಒಂದಡಿ ಮೇಲೆ ಕಟ್ಟಡದ ನೆಲ ಬರುತ್ತೆ. ಆ ಗುರುತಿಗಿಂತ ಗಟ್ಟಿ ಆಧಾರ ಬೇರೆ ಏನು ಬೇಕು ಹೇಳಿ?"

ಎನಿಡ್ ಬಿಸ್ಕತ್ತಿನ ತಟ್ಟೆ ಮುಂದಕ್ಕೆ ತಳ್ಳಿದಳು. ಗುರುತು ಒಂದೂವರೆ ಅಡಿ ಕೆಳಗೆ, ನೆಲ ಅದಕ್ಕಿಂತ ಒಂದಡಿ ಮೇಲೆ. ಉಳಿದ ಅರ್ಧ ಅಡಿ ನೀರು. ಅಷ್ಟು ಲೆಕ್ಕ ಹಾಕಲು ಅವಳಿಗೆ ಕಾಗದ ಪೆನ್ನು ಬೇಕಿರಲಿಲ್ಲ.

ಗುರುವಾರ ಸಂತೆಯಲ್ಲಿ ಒಂದು ಹಂದಿಮಾಂಸದ ಪೈ ತೆಗೆದುಕೊಂಡು ಸಿರಿಲ್ ಬಾಫಿಯ ಮನೆಗೆ ಹೋದಳು. ಸಿರಿಲ್ ಅವಳ ಒಂಬತ್ತನೇ ನಂಬರ್ ಬಸ್ಸಿನ ಡ್ರೈವರ್, ಹದಿನಾಲ್ಕು ವರ್ಷ ಒಟ್ಟಿಗೆ ಓಡಾಡಿದವರು. ಎರಡು ವರ್ಷದ ಹಿಂದೆ ಪಾರ್ಶ್ವವಾಯು ಹೊಡೆದು ಕಾಲು ಹೋಗಿತ್ತು. ಮೂರನೇ ಮಹಡಿಯ ಕೋಣೆಯಲ್ಲಿ ಕೂತು ಕಿಟಕಿಯಿಂದ ಬಸ್ಸುಗಳ ವೇಳೆ ನೋಡಿ ಬೈಯುವುದು ಈಗ ಅವನ ಕೆಲಸ. ಆಶ್ರಮಕ್ಕೆ ಮೊದಲು ಹೆಸರು ಬರೆಸಿದವನೂ ಅವನೇ.

"ಐದು ನಿಮಿಷ ಲೇಟು," ಅಂದ ಸಿರಿಲ್.

"ಡ್ರೈವರ್ ನೆಟ್ಟಗಿದ್ದಿದ್ರೆ ಲೇಟಾಗ್ತಿರ್ಲಿಲ್ಲ."

"ಕೇಳಿದ್ಯೇನೇ? ನಂಗೆ ಒಂಬತ್ತನೇ ನಂಬರ್ ರೂಮೇ ಕೊಡ್ತಾರಂತೆ. ಕಿಟಕಿ ತೆಗೆದ್ರೆ ಸಾಕು, ನದಿ."

"ತೆಗೀದಿದ್ರೂ ನದಿನೇ," ಅಂದಳು ಎನಿಡ್.

ಸಿರಿಲ್ ಪೈ ಕೆಳಗಿಟ್ಟ. ಅವಳು ಎಲ್ಲ ಹೇಳಿದಳು, ಲಾರಿಯಿಂದ ಹಿಡಿದು ಮೆಟ್ಟಿಲಿನವರೆಗೆ. ಮಿಸ್ ಕ್ವಿಲ್ ನಕ್ಷೆಯ ಅರ್ಧ ಅಡಿಯ ಲೆಕ್ಕವನ್ನೂ ಹೇಳಿದಳು.

"ಅರ್ಧ ಅಡಿ ತಾನೆ? ಕಾಲು ತೊಳ್ಕೋಬೋದು ಬಿಡು," ಅಂದ ಅವನು.

"ತಮಾಷೆ ಸಾಕು. ನೆಲದ ಮೇಲೆ ಅರ್ಧ ಅಡಿ ಅಂದ್ರೆ ಆಚೆ ರಸ್ತೆ ಮೇಲೆ ಎದೆಮಟ್ಟ. ಎದ್ದು ಓಡಕ್ಕಾಗದೋರು ನಲವತ್ತು ಜನ ಇರ್ತೀರಾ. ಕರೆಂಟ್ ಹೋಗಿರತ್ತೆ. ನಿಮ್ಮನ್ನ ಹೊತ್ಕೊಂಡು ಹೋಗಕ್ಕೆ ಯಾವ ಬಸ್ ಬರತ್ತೋ?"

ಸಿರಿಲ್ ಕಿಟಕಿಯಾಚೆ ನೋಡುತ್ತ ಕೂತ. "ನೀನು ಬಾಯಿಬಿಟ್ರೆ ಕಟ್ಟೋದು ನಿಂತೋಗತ್ತೆ. ನನ್ನ ರೂಮು ಹೋಯ್ತು ಅಂತ್ಲೇ ಲೆಕ್ಕ. ಈ ಮೆಟ್ಲು ಇಳಿದು ಎಂಟು ತಿಂಗಳಾಯ್ತು, ಗೊತ್ತಾ?"

"ಗೊತ್ತು."

"ನಿಮ್ಮಪ್ಪನ ಹೆಸರೂ ಬೀದಿಗೆ ಬರತ್ತೆ."

"ಅದೂ ಗೊತ್ತು. ಅದಕ್ಕೇ ನಿನ್ನ ಕೇಳಕ್ಕೆ ಬಂದೆ."

"ನನ್ನೇನೇ ಕೇಳ್ತೀಯಾ?" ಸಿರಿಲ್ ಸಿಡುಕಿದ. "ಒಬ್ರಿಗೂ ತಪ್ಪು ಹೇಳಿಲ್ಲ ಅಂತ ಊರಿಗೆಲ್ಲ ಡಂಗುರ ಹೊಡ್ಕೊಂಡು ಬಂದವಳು ನೀನು. ಇಪ್ಪತ್ತೇಳು ವರ್ಷದಿಂದ ಏನು ಕೂಗ್ತಿದ್ದೆ ಹಂಗಾದ್ರೆ?"

ಎನಿಡ್ ಪೈ ತಟ್ಟೆ ತೊಳೆದಿಟ್ಟು ಮನೆಗೆ ಹೋದಳು. ದಾರಿಯುದ್ದಕ್ಕೂ ಅಪ್ಪನಿಗೆ ತಾನು ಹಾಕಿದ್ದ ಪ್ರಶ್ನೆಯೇ ತನಗೆ ವಾಪಸು ಬಂದದ್ದು ಅವಳಿಗೆ ಚುಚ್ಚುತ್ತಿತ್ತು.

ಶನಿವಾರ ಬಿಸಿಲಿತ್ತು, ನೂರು ಜನಕ್ಕೆ ಕಮ್ಮಿ ಇರಲಿಲ್ಲ. ಸೇತುವೆಯ ಕಂಬದ ಮೇಲೆ 1852, 1886, ಆಮೇಲೆ ಅವಳು ಕೆಲಸಕ್ಕೆ ಸೇರಿದ ವರ್ಷದ 1947. ಒಂದೊಂದನ್ನೂ ಮುಟ್ಟಿ ಕೂಗಿದಳು, ಜನ "ಇಷ್ಟೇ ಸಾಕು, ಮೇಲೆ ಬೇಡ!" ಅಂದರು. ಎಲ್ಲರೂ ಓಣಿಗೆ ತಿರುಗಿದರು. ಮಿಸ್ ಕ್ವಿಲ್ ನಕ್ಷೆಯ ಸುರುಳಿ ಹಿಡಿದು ಗೋಡೆಯ ಪಕ್ಕದಲ್ಲೇ ನಿಂತಿದ್ದಳು. ಪಬ್ಬಿನ ಯಜಮಾನ ನೆಡ್ ಟಿಮಿನ್ಸ್ ಅರ್ಧ ಪೈಂಟ್ ಹಿಡಿದು ಮೆಟ್ಟಿಲ ಮೇಲೆ ಕಾಯುತ್ತಿದ್ದ. ಎನಿಡ್ ಕೈ ಎತ್ತಿದಳು. ಕೈ ಕಲ್ಲಿನವರೆಗೆ ಹೋಗಲಿಲ್ಲ.

"ಇದು ಸುಳ್ಳು ಮಟ್ಟ," ಅಂದಳು.

"ಎನಿಡಮ್ಮ, ಬಿಯರ್ ಇನ್ನೂ ನನ್ನ ಕೈಯಲ್ಲೇ ಇದೆ, ನಿಮಗೆ ಆಗ್ಲೇ ಏರಿತಾ?" ಅಂದ ನೆಡ್. ಜನ ಗೊಳ್ಳೆಂದು ನಕ್ಕರು.

ಅವಳು ನಗು ಮುಗಿಯುವವರೆಗೆ ಕಾದಳು. ಬಸ್ಸಿನಲ್ಲಿ ನಿಲ್ದಾಣದ ಹೆಸರು ಕೂಗುತ್ತಿದ್ದ ಅದೇ ದನಿಯಲ್ಲಿ, ಕೊನೆಯವರಿಗೂ ಕೇಳುವ ಹಾಗೆ ಹೇಳಿದಳು: "ಈ ಕಲ್ಲನ್ನ ನಮ್ಮಪ್ಪ ಐವತ್ಮೂರರಲ್ಲಿ ಆರು ಸಾಲು ಕೆಳಗೆ ಕೂರಿಸಿದಾನೆ. ಅವನಿಗೆ ಗೊತ್ತಿತ್ತು, ಹೇಳ್ಲಿಲ್ಲ. ನಂಗೆ ಗೊತ್ತಿತ್ತು, ನಾನೂ ಹೇಳ್ಲಿಲ್ಲ."

ಈ ಸಲ ಯಾರೂ ನಗಲಿಲ್ಲ. "ಸತ್ತೋರ ಮೇಲೆ ಯಾಕಮ್ಮ ಹೊರಿಸ್ತೀಯಾ?" ಅಂತ ಹಿಂದಿನಿಂದ ಯಾರೋ ಅಂದರು. ನೆಡ್ ಮುಖ ಕೆಂಪಾಯಿತು.

"ಆಂಬ್ರೋಸ್ ಮೇಸ್ತ್ರಿ ತಪ್ಪೋದುಂಟಾ? ನನ್ನ ಚಿಮಣಿ ಕಟ್ಟಿದ್ದೇ ಅವ್ರು. ಪುಸ್ತಕದಲ್ಲಿ ಇಪ್ಪತ್ಮೂರು ಅಂತಿದೆ, ಎಣಿಸಿ ನೋಡಿ, ಇಪ್ಪತ್ಮೂರೇ ಇದೆ!"

"ಇದೆಯಪ್ಪ. ನೆಡ್, ನೀನು ನಿಂತಿರೋ ಬಾಗಿಲಿಗೆ ಎಷ್ಟು ಮೆಟ್ಲು?"

"ಮೂರು."

"ಒಳಗೆ ಗೋಡೆ ಮೇಲೆ ನಿಮ್ಮಜ್ಜನ ಫೋಟೋ ಇದ್ಯಲ್ಲ, ಇದೇ ಬಾಗಿಲಲ್ಲಿ ನಿಂತಿರೋದು, ಅದನ್ನ ತಗೊಂಡು ಬಾ."

ನೆಡ್ ಗೊಣಗುತ್ತ ಒಳಗೆ ಹೋದ. ಫೋಟೋ ಹಿಡಿದು ಬಾಗಿಲಿಗೆ ಬಂದವನು ಒಮ್ಮೆ ಅದನ್ನು ನೋಡಿದ, ಒಮ್ಮೆ ತನ್ನ ಕಾಲ ಕೆಳಗೆ ನೋಡಿದ. ಫೋಟೋದಲ್ಲಿ ಅಜ್ಜ ಮೀಸೆ ತಿರುವಿಕೊಂಡು ನಿಂತಿದ್ದ, ಅವನ ಬೂಟಿನ ಕೆಳಗೆ ಒಂದೇ ಒಂದು ಮೆಟ್ಟಿಲಿತ್ತು. ಫೋಟೋ ಕೈಯಿಂದ ಕೈಗೆ ದಾಟಿತು. ಎಲ್ಲರೂ ನೋಡಿದ್ದೇ ಆ ಫೋಟೋ, ಹತ್ತಿಳಿದಿದ್ದೇ ಆ ಮೆಟ್ಟಿಲು. ಎರಡನ್ನೂ ಜೋಡಿಸಿ ನೋಡಿದವರು ಒಬ್ಬರೂ ಇರಲಿಲ್ಲ.

"ಅಯ್ಯೋ, ನಾನು ಬೀಳೋದೆಲ್ಲ ಆ ಎರಡು ಹೊಸ ಮೆಟ್ಲಿಂದ್ಲೇ ಕಣ್ರೋ!" ಅಂದ ಒಬ್ಬ ಮುದುಕ. ಅಲ್ಲಲ್ಲಿ ನಗು ಬಂತು, ಅಷ್ಟೇ ಬೇಗ ನಿಂತಿತು.

ಮಿಸ್ ಕ್ವಿಲ್ ಅಳತೆ ಪಟ್ಟಿ ತೆಗೆದು ಮೆಟ್ಟಿಲು ಅಳೆದಳು, ಗೋಡೆಯ ಬುಡದ ಆರು ಸಾಲು ಅಳೆದಳು. ಆ ಆರು ಸಾಲಿನ ಇಟ್ಟಿಗೆಯ ಬಣ್ಣವೇ ಬೇರೆ ಅನ್ನುವುದು ಈಗ ಎಲ್ಲರ ಕಣ್ಣಿಗೂ ಬಿತ್ತು. ಅವಳು ಪೆನ್ನಿನ ಮುಚ್ಚಳ ಹಾಕಿ ನಕ್ಷೆ ಸುತ್ತಿಟ್ಟಳು. ಆ ಸಲ ನದಿಗೆ ಬಿಯರ್ ಸುರಿಯುವುದೇ ಎಲ್ಲರಿಗೂ ಮರೆತುಹೋಯಿತು. ಜನ ಗುಂಪು ಗುಂಪಾಗಿ ಪಿಸುಗುಟ್ಟುತ್ತ ಚದುರಿದರು. ಕೆಲವರು ಎನಿಡಳ ಹೆಗಲು ತಟ್ಟಿದರು. ಚರ್ಚಿನಲ್ಲಿ ವಾರವಾರವೂ ಅವಳ ಜೊತೆ ಹೂ ಜೋಡಿಸುವ ಹೆಂಗಸು ಮುಖ ತಿರುಗಿಸಿಕೊಂಡು ಹೋದಳು. ಅಪ್ಪನನ್ನು ಊರ ಮುಂದೆ ಕಳ್ಳನ ಹಾಗೆ ನಿಲ್ಲಿಸಿಬಿಟ್ಟೆನಲ್ಲ ಅಂತ ಎನಿಡ್ ಮನೆಗೆ ಬಂದು ಕೋಟು ಬಿಚ್ಚದೆ ಕೂತು ಅತ್ತಳು.

ಹತ್ತು ದಿನದ ಮೇಲೆ ಪುರಸಭೆಯವರು ಕಲ್ಲು ಮೇಲಕ್ಕೆತ್ತಲು ಡೆಸ್ ಅನ್ನುವ ಮೇಸ್ತ್ರಿಯನ್ನು ಕಳಿಸಿದರು. ಎನಿಡ್ ಹೋಗಬಾರದು ಅಂದುಕೊಂಡಿದ್ದಳು, ಹೋದಳು. ಓಣಿಯಲ್ಲಿ ನೋಡಿದರೆ ಸಿರಿಲ್! ಇಬ್ಬರು ಬಸ್ ಡ್ರೈವರುಗಳು ಅವನನ್ನು ಮೂರು ಮಹಡಿ ಹೊತ್ತು ಇಳಿಸಿ ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಬಂದಿದ್ದರು.

"ನೆಲ ಎರಡಡಿ ಎತ್ತರಿಸಿ ಹೊಸ ನಕ್ಷೆ ಮಾಡ್ತಾರಂತೆ. ಒಂದು ವರ್ಷ ತಡ," ಅಂದ ಅವನು. "ಅಲ್ಲೀಗಂಟ ನಾನಿರ್ಬೇಕಲ್ಲ."

"ಇರ್ತೀಯಾ ಬಿಡು. ನೀನು ಯಾವತ್ತು ಟೈಮಿಗೆ ಸರಿಯಾಗಿ ಹೊರಟಿದೀಯಾ?"

ಸಿಮೆಂಟಿನಲ್ಲಿ ಕೂತಿದ್ದ ಕಲ್ಲನ್ನು ಬಿಡಿಸಲು ಡೆಸ್‌ಗೆ ಅರ್ಧ ದಿನ ಹಿಡಿಯಿತು. ಬೆವರು ಒರೆಸಿಕೊಂಡು ಅವನು ಆರು ಸಾಲು ಮೇಲಕ್ಕೆ ಅಳೆದು ಸೀಮೆಸುಣ್ಣದಲ್ಲಿ ಗುರುತು ಹಾಕಿದ. ಉಳಿ ಇಟ್ಟು ಸುತ್ತಿಗೆಯಿಂದ ಒಂದೇಟು ಕೊಟ್ಟ. ಉಳಿ ಸರಕ್ಕನೆ ಒಳಗೆ ಹೋಯಿತು. ಇನ್ನೊಂದು ಕಡೆ ಇಟ್ಟ, ಅಲ್ಲೂ ಹಾಗೇ. ಅವನು ಸುತ್ತಿಗೆ ಕೆಳಗಿಟ್ಟು ಕೈಯಿಂದಲೇ ಒಂದು ಇಟ್ಟಿಗೆ ಎಳೆದ, ಬಂದುಬಿಟ್ಟಿತು.

"ಎನಿಡಮ್ಮ, ಇಲ್ಲಿ ಸ್ವಲ್ಪ ಬನ್ನಿ," ಅಂತ ಕರೆದ. "ಇಡೀ ಗೋಡೆ ಸಿಮೆಂಟು. ಇಷ್ಟು ಜಾಗ ಮಾತ್ರ ಒಳಗೆಲ್ಲ ಸುಣ್ಣದ ಗಾರೆ. ಮೇಲೆ ಗೊತ್ತಾಗ್ದಿರ್ಲಿ ಅಂತ ಸಿಮೆಂಟ್ ಸವರಿದಾರೆ ಅಷ್ಟೇ."

ಇಟ್ಟಿಗೆಗಳನ್ನೆಲ್ಲ ತೆಗೆದ ಮೇಲೆ ಗೋಡೆಯಲ್ಲಿ ಚೌಕಾಕಾರದ ಗೂಡು ಉಳಿಯಿತು. ನಾಲ್ಕೂ ಅಂಚು ನೇರ, ತಳ ಸಮ. ಡೆಸ್ ಕಲ್ಲಿನ ಉದ್ದ ಅಗಲ ಅಳೆದ, ಗೂಡಿನದನ್ನೂ ಅಳೆದ. ಎರಡೂ ಒಂದೇ ಇತ್ತು.

ಎನಿಡ್ ಒಂದು ಇಟ್ಟಿಗೆ ಎತ್ತಿಕೊಂಡಳು. ಅಂಟಿದ್ದ ಸುಣ್ಣ ಬೆರಳಿಗೆ ಹುಡಿಹುಡಿಯಾಗಿ ಬಂತು. ಆವತ್ತು ಮೆಟ್ಟಿಲು ಕಣ್ಣಿಗೆ ಬಿದ್ದ ಮೇಲೆ ಅಪ್ಪ ಸುಮ್ಮನೆ ಗೋಡೆ ಮುಗಿಸಿರಲಿಲ್ಲ. ಕಲ್ಲಿಗೆ ಸೇರಬೇಕಾದ ಜಾಗವನ್ನು ಅದರ ಅಳತೆಗೆ ಸರಿಯಾಗಿ ಮಾಡಿಟ್ಟು, ಇವತ್ತಲ್ಲ ನಾಳೆ ಬಂದು ಬಿಚ್ಚುತ್ತೇನೆ ಅಂತ ಸುಣ್ಣದಲ್ಲಿ ಮುಚ್ಚಿಟ್ಟಿದ್ದ. ಅರ್ಧ ದಿನದ ಕೆಲಸ. ಅದಕ್ಕೆ ಬೇಕಾದ ಧೈರ್ಯ ಹದಿನೆಂಟು ವರ್ಷವೂ ಅವನಿಗೆ ಬರಲಿಲ್ಲ.

"ಇದನ್ನ ಹೇಳ್ಬಾರ್ದಿತ್ತಾ ಅಪ್ಪಾ," ಅಂದಳು ಎನಿಡ್, ಎಲ್ಲರೆದುರಿಗೇ. "ಅಷ್ಟು ಬೈದ್ನಲ್ಲ ನಾನು. ಹೇಳ್ಬಾರ್ದಿತ್ತಾ?"

ಸಿರಿಲ್ ಗಾಲಿಕುರ್ಚಿಯಿಂದ ಕೈ ಚಾಚಿ ಅವಳ ಕೋಟಿನ ತೋಳು ಹಿಡಿದುಕೊಂಡ.

ಕಲ್ಲು ಗೂಡಿನಲ್ಲಿ ಹೇಳಿ ಮಾಡಿಸಿದ ಹಾಗೆ ಕೂತಿತು. ಈಗ ಅದು ಅವಳ ಕೈಗೆಟುಕುತ್ತಿರಲಿಲ್ಲ. ನೆಡ್ ಒಳಗಿನಿಂದ ಬಿಯರ್ ಬಾಟಲಿಗಳ ಖಾಲಿ ಪೆಟ್ಟಿಗೆ ತಂದು ಬೋರಲು ಹಾಕಿ, "ಹತ್ತಿ ಎನಿಡಮ್ಮ, ನಾನು ಹಿಡ್ಕೋತೀನಿ," ಅಂದ. ಅವಳು ಹತ್ತಿ ಗೆರೆಯ ಮೇಲೆ ಅಂಗೈ ಇಟ್ಟಳು. ನವೆಂಬರಿನ ಶನಿವಾರ ಕಳೆದುಹೋಗಿತ್ತು, ಆದರೂ ಇಸವಿ ಕೂಗಿದಳು. ಅಲ್ಲಿದ್ದ ಆರು ಜನ "ಇಷ್ಟೇ ಸಾಕು, ಮೇಲೆ ಬೇಡ!" ಅಂದರು.

ಡೆಸ್ ಕರಣೆ ಕೈಗೆತ್ತಿಕೊಂಡು ಕೇಳಿದ: "ಸುತ್ತ ಏನು ತುಂಬ್ಲಿ ಎನಿಡಮ್ಮ? ಮೇಸ್ತ್ರಿಗಳು ಸುಣ್ಣ ಹಾಕಿದ್ರು, ನಾನೂ ಸುಣ್ಣನೇ ಹಾಕ್ಲಾ?"

"ಬೇಡಪ್ಪ," ಅಂದಳು ಎನಿಡ್ ಪೆಟ್ಟಿಗೆಯಿಂದ ಇಳಿಯುತ್ತ. "ಸಿಮೆಂಟು ಹಾಕು. ಇನ್ನು ಅದನ್ನ ಯಾರೂ ಬಿಚ್ಚೋದು ಬೇಡ."